ಚಿಟಗುಪ್ಪದ ನಾದಿನಿ

ಸೋಯರಿಕೆ ಕೂಡಿಸುವವರು ಹುಡುಗನ ಒಂದು ಸಣ್ಣ ಕೊರತೆಯನ್ನು ತಾವಾಗಿಯೇ ಹೇಳಿಬಿಡಬೇಕು. ಬರೀ ಹೊಗಳಿದರೆ ಹೆಣ್ಣಿನ ಕಡೆಯವರು ನಂಬುವುದಿಲ್ಲ. ಓಣಿಯಲ್ಲಿ ನಾಲ್ಕು ಮನೆ ತಿರುಗಿ, ಇದ್ದದ್ದು ಇಲ್ಲದ್ದು ಕೆದಕಿ, ದೊಡ್ಡದೇ ಒಂದನ್ನು ಹಿಡಿದುಕೊಂಡು ಬರುತ್ತಾರೆ. ಅದೇ ನಾವು ‘ಹುಡುಗ ಬಂಗಾರ, ಆದರೆ ಗೊರಕೆ ಜೋರು’ ಎಂದು ಹೇಳಿಬಿಟ್ಟರೆ ನಕ್ಕು ಎದ್ದು ಹೋಗುತ್ತಾರೆ, ಮತ್ತೆ ಯಾರನ್ನೂ ಕೇಳುವುದಿಲ್ಲ. ಹುಮನಾಬಾದಿನಲ್ಲಿ ಕೂತು ಮೂವತ್ತು ವರ್ಷದಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಈ ಕಡೆ ಬಸವಕಲ್ಯಾಣ, ಆ ಕಡೆ ಬೇಮಳಖೇಡ, ನಾನು ಕೂಡಿಸಿದ ಮನೆಗಳು ಹೆಚ್ಚಾಗಿ ಚೆನ್ನಾಗಿಯೇ ಇವೆ.

ಹಾಗಾಗಿ ಜನವರಿಯ ಒಂದು ಭಾನುವಾರ ಇಬ್ಬರು ಹುಡುಗರು ಮೋಟಾರ್ ಸೈಕಲ್ಲಿನ ಮೇಲೆ ಬಂದು, ಬಾಗಿಲಲ್ಲಿ ನಿಂತು, “ಮಾಣಿಕಮ್ಮ ಅಂದ್ರ ನೀವೇ ಏನ್ರಿ? ಧನರಾಜನ ಬಗ್ಗೆ ಸ್ವಲ್ಪ ಕೇಳಬೇಕಾಗಿತ್ತು” ಎಂದಾಗ ನನಗೆ ಬೇರೆ ಯಾವ ಯೋಚನೆಯೂ ಬರಲಿಲ್ಲ. ನಮ್ಮಲ್ಲಿ ಹುಡುಗನ ತಪಾಸಕ್ಕೆ ಬರುವುದೇ ಹೀಗೆ. ಮೊದಲು ಹಿರಿಯರು ಬರುವುದಿಲ್ಲ. ಹುಡುಗಿಯ ಅಣ್ಣನೋ ತಮ್ಮನೋ ಒಬ್ಬ ಗೆಳೆಯನನ್ನು ಕರೆದುಕೊಂಡು, ರಜೆಯ ದಿನ ನೋಡಿ, ನೀರು ಕೇಳುವ ನೆವದಲ್ಲಿ ಬಂದು ಕೂರುತ್ತಾನೆ.

ಧನರಾಜ ನನ್ನ ಚಿಕ್ಕಪ್ಪನ ಮಗಳು ಜಯಮಾಲಾಳ ಮಗ. ಬಸವಕಲ್ಯಾಣದವನು. ಅವನ ಅಪ್ಪ ಬಸವಣಪ್ಪನಿಗೆ ಅಲ್ಲಿ ಮೋಟಾರು, ಪೈಪು ಮಾರುವ ಅಂಗಡಿ ಇದೆ. ಧನರಾಜ ವಾಯುದಳದಲ್ಲಿ ಯುದ್ಧವಿಮಾನ ಹಾರಿಸುತ್ತಾನೆ. ಈಗ ಇರುವುದು ರಾಜಸ್ಥಾನದ ಕಡೆ. ಇಪ್ಪತ್ತಾರು ತುಂಬಿದೆ. ಮದುವೆಯ ವಯಸ್ಸು.

“ಬರ್ರಿ, ಕುಂದರ್ರಿ” ಎಂದೆ. “ಯಾವ ಕಡಿಯವರು?”

“ಬೆಳಗಾವಿ ಕಡಿಯವರ್ರಿ. ನನ್ನ ಹೆಸರು ಸತೀಶಕುಮಾರ. ಇವ ನದೀಮ್, ಹೈದರಾಬಾದಿನಾಂವ, ನನ್ನ ದೋಸ್ತ.”

ಕ್ಷೌರ ಚೊಕ್ಕಟ, ಬೂಟು ಚೊಕ್ಕಟ, ಕೂತ ಭಂಗಿ ಚೊಕ್ಕಟ. ಮನೆತನ ಒಳ್ಳೆಯದು ಎಂದುಕೊಂಡೆ.

“ಹುಡುಗಿ ಏನು ಓದ್ಯಾಳ?”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಸತೀಶಕುಮಾರ, “ಎಂ.ಎಸ್ಸಿ. ಮಾಡ್ಯಾಳ್ರಿ” ಎಂದ. ನದೀಮ್ ಗೋಡೆಯ ಕಡೆ ತಿರುಗಿ ಕೆಮ್ಮಿದ. ನಾಚಿಕೆ ಇರಬೇಕು ಅಂದುಕೊಂಡೆ.

ಜೋಳದ ರೊಟ್ಟಿ ಮಾಡಿದೆ. ಪುಂಡಿಪಲ್ಲೆ ಇತ್ತು, ಶೇಂಗಾ ಹಿಂಡಿ ಇತ್ತು, ಗಟ್ಟಿ ಮೊಸರು ಇತ್ತು. ನದೀಮ್ ಐದು ರೊಟ್ಟಿ ತಿಂದ. “ಅಮ್ಮಾ, ತುಮ್ಹಾರೆ ಹಾಥ್ ಮೆ ಕ್ಯಾ ಮಜಾ ಹೈ” ಎಂದು ಹೈದರಾಬಾದಿ ಮಾತಿನಲ್ಲಿ ನನ್ನ ಕೈರುಚಿ ಹೊಗಳಿದ. ಉಣ್ಣುವವರನ್ನು ಕಂಡರೆ ನನಗೆ ಸಂಶಯವೇ ಬರುವುದಿಲ್ಲ. ಅದು ನನ್ನ ದೌರ್ಬಲ್ಯ.

ಹುಡುಗನ ಗುಣಗಳನ್ನು ಒಂದೊಂದಾಗಿ ಇಟ್ಟೆ. ಕುಡಿಯುವುದಿಲ್ಲ. ತಾಯಿಯ ಮಾತು ಮೀರುವುದಿಲ್ಲ. ಊರಿಗೆ ಬಂದರೆ ಅಕ್ಕ ರೂಪಾಲಿಯ ಮಕ್ಕಳಿಗೆ ತಾನೇ ಸ್ನಾನ ಮಾಡಿಸುತ್ತಾನೆ. ಸತೀಶಕುಮಾರ ತಲೆ ಆಡಿಸುತ್ತಿದ್ದ, ಆದರೆ ಅವನಿಗೆ ಬೇಕಾದದ್ದು ಅದಲ್ಲ ಎಂದು ಗೊತ್ತಾಗುತ್ತಿತ್ತು.

“ಅದೆಲ್ಲಾ ಖರೆ ಅಮ್ಮಾ. ಆದರ ಸಣ್ಣಾವ ಇದ್ದಾಗ ಏನರೆ ಭಾನಗಡಿ? ಏನರೆ ಫಜೀತಿ? ಅವ ಏನೂ ಹೇಳೂದೇ ಇಲ್ಲ. ನಾವು ಕೇಳಿದ್ವಿ ಅಂತನೂ ಅವಗ ಹೇಳಬ್ಯಾಡ್ರಿ.”

ಇದೂ ಸರಿಯೇ. ತಪಾಸಕ್ಕೆ ಬಂದವರೆಲ್ಲ ಹುಡುಗನಿಗೆ ಹೇಳಬೇಡಿ ಎಂದೇ ಹೇಳುತ್ತಾರೆ. ಸರಿ, ಈಗ ಒಂದು ಸಣ್ಣ ಕೊರತೆ ಕೊಡುವ ಹೊತ್ತು ಬಂತು ಎಂದುಕೊಂಡೆ. ಧನರಾಜನಿಗೆ ಗೊರಕೆ ಇಲ್ಲ, ಬೀಡಿ ಇಲ್ಲ, ಸಾಲ ಇಲ್ಲ. ನನ್ನ ಬಳಿ ಇದ್ದದ್ದು ಒಂದೇ ಕಥೆ. ಹದಿನಾಲ್ಕು ವರ್ಷ ಬಚ್ಚಿಟ್ಟ ಕಥೆ. ಅದರ ನಗುವ ಭಾಗ ಮಾತ್ರ ಹೇಳಿದರೆ ಯಾರಿಗೇನು ಕೆಡುಕು ಎಂದುಕೊಂಡು ಹೇಳಿಬಿಟ್ಟೆ.

ಧನರಾಜ ಆರನೆಯ ಇಯತ್ತೆಗೆ ವಿಜಯಪುರದ ಕಡೆ ಒಂದು ಮಿಲಿಟರಿ ಥರದ ಹಾಸ್ಟೆಲ್ ಶಾಲೆಗೆ ಸೇರಿದ್ದ. ಸೇರಿದ ದಿನ ಬಸವಣಪ್ಪ ಊರಿಗೆಲ್ಲ ಪೇಢೆ ಹಂಚಿದ್ದ. ದಸರೆಯ ರಜೆ ಮುಗಿಸಿ ಹುಡುಗನನ್ನು ಬಸ್ಸಿಗೆ ಹತ್ತಿಸಿದರು. ಅವನು ಕಲಬುರಗಿಯಲ್ಲಿ ಇಳಿದು, ತಿರುಗು ಬಸ್ಸು ಹಿಡಿದು, ಸೀದಾ ನನ್ನ ಮನೆಗೆ ಬಂದ. “ದೊಡ್ಡವ್ವಾ, ನಾ ಆ ಸಾಲಿಗೆ ಹೋಗೂದಿಲ್ಲ. ಮನಿಗೆ ಹೋದ್ರ ಅಪ್ಪ ಹೊಡೀತಾನ. ನಾಕು ದಿನ ಇಲ್ಲೇ ಇರ್ತೀನಿ” ಎಂದು ಅತ್ತ. ನಾನು ಶಾಲೆಗೆ ಫೋನು ಮಾಡಿ ಹುಡುಗನಿಗೆ ಜ್ವರ ಎಂದೆ. ಬಸವಕಲ್ಯಾಣಕ್ಕೆ ಮಾಡಲಿಲ್ಲ. ಎರಡು ದಿನ ಉಂಡು ಮಲಗಿದರೆ ತಾನೇ ಸರಿಹೋಗುತ್ತಾನೆ ಎಂದು ನನ್ನ ಲೆಕ್ಕ.

ಎರಡನೆಯ ದಿನ ಮಧ್ಯಾಹ್ನ ಹುಡುಗ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ನನಗೆ ತೊಗರಿಬೇಳೆ ಆರಿಸಿ ಕೊಡುತ್ತಿದ್ದ. ಓಣಿಯಲ್ಲಿ “ಅಕ್ಕಾ, ಮನ್ಯಾಗ ಹಾರೇನ್ರಿ?” ಎಂಬ ದನಿ. ಬಸವಣಪ್ಪ! ಆಗ ರೂಪಾಲಿಗೆ ಗಂಡು ನೋಡುತ್ತಿದ್ದೆವು, ಅದೇ ಮಾತಿಗೆ ಬಂದಿದ್ದ. ನನ್ನ ಮನೆಗೆ ಇರುವುದು ಒಂದೇ ಬಾಗಿಲು. ಹಗ್ಗದ ಮೇಲೆ ಒಣಗಿದ ಸೀರೆ ಇತ್ತು. ಎಳೆದು ಹುಡುಗನ ತಲೆಯ ಮೇಲೆ ಹಾಕಿ, ಸುತ್ತಿ, ಮೂಲೆಯ ಕಡೆ ಮುಖ ಮಾಡಿಸಿ ಕೂರಿಸಿದೆ. ಮೊರ ಅವನ ಮುಂದೆಯೇ ಇತ್ತು.

ಬಸವಣಪ್ಪ ಬಂದ, ಕೂತ. “ಯಾರ್ರಿ ಅವರು?” ಎಂದ.

“ನಮ್ಮ ನಾದಿನಿ. ಚಿಟಗುಪ್ಪದಾಕಿ. ಪರಪುರುಷರ ಮುಂದ ಮಾತಾಡೂದಿಲ್ಲ.”

“ಶರಣ್ರಿ ಅಕ್ಕಾರ” ಎಂದು ಬಸವಣಪ್ಪ ತನಗೆ ಹುಟ್ಟಿದ ಮಗನಿಗೇ ಕೈ ಮುಗಿದ. ನಾದಿನಿ ಸೆರಗು ಇನ್ನೊಂದಿಷ್ಟು ಎಳೆದುಕೊಂಡಳು.

ಇಷ್ಟು ಹೇಳುವಷ್ಟರಲ್ಲಿ ನದೀಮ್ ಗೋಡೆಗೆ ಒರಗಿ ಹೊಟ್ಟೆ ಹಿಡಿದುಕೊಂಡಿದ್ದ. ಸತೀಶಕುಮಾರನ ಕಣ್ಣಲ್ಲಿ ನೀರು. ಅವರು ನಗುತ್ತಿದ್ದಂತೆ ನಾನೂ ಮಾತು ಬೆಳೆಸಿದೆ. ಆ ಸೀರೆಯ ಬಣ್ಣ, ಕೈಯಲ್ಲಿ ಬಳೆ ಇಲ್ಲದ್ದು ಕಾಣಬಾರದೆಂದು ಹುಡುಗ ಮುಂಗೈ ಮುಚ್ಚಿಕೊಂಡದ್ದು, ಎಲ್ಲ ಹೇಳಿದೆ. “ಮರುದಿನ ಅವನೇ ಎದ್ದು ಸಾಲಿಗೆ ಹೋದ ನೋಡ್ರಿ. ಆಮ್ಯಾಲೆ ಒಂದು ದಿನಾ ಹಿಂದಕ್ಕ ನೋಡಿಲ್ಲ” ಎಂದು ಮುಗಿಸಿದೆ. ಕೊರತೆಯನ್ನು ಗುಣವಾಗಿ ತಿರುಗಿಸಿ ಕೊಟ್ಟೆನೆಂದು ನನಗೇ ಹೆಮ್ಮೆಯಾಯಿತು.

ಹೋಗುವಾಗ ಇಬ್ಬರೂ ಕಾಲಿಗೆ ಬಿದ್ದರು.

ನಾನು ಅವರಿಗೆ ಹೇಳದೆ ಬಿಟ್ಟದ್ದು ನಡುವಿನ ಅರ್ಧ ಗಂಟೆ.

ಚಹಾ ಕುಡಿಯುತ್ತ ನಾನೇ ಬಸವಣಪ್ಪನನ್ನು ಕೇಳಿದ್ದೆ, “ಸಣ್ಣಾವನ ನೆನಪು ಆಗಾಕತ್ತಿರಬೇಕು ಮನ್ಯಾಗ?” ಎಂದು. ಹುಡುಗ ಕೇಳಲಿ, ಅಪ್ಪನಿಗೂ ತನ್ನ ಮೇಲೆ ಪ್ರೀತಿ ಇದೆ ಎಂದು ತಿಳಿದು ಧೈರ್ಯ ಬರಲಿ ಎಂದೇ ಕೇಳಿದೆ. ಆ ಜಾಣತನ ನನ್ನದು.

ಬಸವಣಪ್ಪ ಚಹಾದ ಬಸಿ ಕೆಳಗಿಟ್ಟು ಹೇಳಿದ: “ಖರೆ ಹೇಳ್ಲೇನ್ರಿ ಅಕ್ಕಾ? ಅವ ಹೋದ ಮ್ಯಾಲೆ ಮನಿ ಹಗುರಾಗ್ಯದ. ದೊಡ್ಡಾವ ಗುರುಲಿಂಗ ಅಂಗಡಿ ನೋಡ್ತಾನ, ಅವನ ಫಿಕರ್ ಇಲ್ಲ. ಇವ ಯಾತಕ್ಕೂ ಬರೂದಿಲ್ಲ. ಮಾತಿಗೊಮ್ಮೆ ಅಳ್ತಾನ. ಅವನ ಮಾರಿ ನೋಡಿದ್ರನ ನನಗ ಸಿಟ್ಟು ಬರ್ತದ, ಯಾಕ ಅಂತ ನನಗೂ ಗೊತ್ತಿಲ್ಲ. ಸರಕಾರದವರು ಸಾಕ್ತೀವಿ ಅಂತಾರ, ಸಾಕ್ಲಿ. ಇದ್ದೊಂದು ಗಂಡು ಸಾಕಾಗಿತ್ರಿ ನನಗ.”

ನಾನು ಬಾಯಿ ಮುಚ್ಚಿಸಬೇಕಿತ್ತು. ‘ಹಂಗ ಅನಬ್ಯಾಡ್ರಿ’ ಎಂದಾದರೂ ಅನ್ನಬೇಕಿತ್ತು. ಗುಟ್ಟು ಬಯಲಾದೀತೆಂಬ ಹೆದರಿಕೆಯಲ್ಲಿ ರೂಪಾಲಿಯ ಮಾತು ತೆಗೆದೆ.

ಅವನು ಹೋದ ಮೇಲೆ ಸೀರೆ ಎತ್ತಿದೆ. ಹುಡುಗ ಅಳುತ್ತಿರಲಿಲ್ಲ. ಮೊರದಲ್ಲಿ ಬೇಳೆಯನ್ನು ಒಂದೊಂದಾಗಿ ಆರಿಸಿ ಆಚೆ ಇಟ್ಟು, ಕಲ್ಲುಗಳನ್ನೆಲ್ಲ ನಡುವೆ ಗುಡ್ಡೆ ಮಾಡಿದ್ದ. “ನಾಳಿ ಮುಂಜಾನಿ ಹೋಗ್ತೀನಿ ದೊಡ್ಡವ್ವಾ. ನಾ ಬಂದಿದ್ದು ಅಪ್ಪಗ ಗೊತ್ತಾಗಬಾರದು. ನಾ ಕೇಳಿದ್ದಂತೂ ಯಾವತ್ತೂ ಗೊತ್ತಾಗಬಾರದು” ಎಂದ. ಅವನ ತಲೆಯ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಅಲ್ಲಿಂದ ಹದಿನಾಲ್ಕು ವರ್ಷ ಬಸವಣಪ್ಪ ಊರ ತುಂಬ ಹೇಳಿಕೊಂಡು ಬಂದ: “ಹುಟ್ಟಿದಾಗನ ಗೊತ್ತಾಗಿತ್ತು ನನಗ, ಇವ ಹಾರೋ ಮಗಾ ಅಂತ. ಎದಿ ಕಲ್ಲು ಮಾಡಿ ಕಳಿಸೀನಿ.” ಧನರಾಜ ಪಕ್ಕದಲ್ಲಿ ನಿಂತು ಕೇಳುತ್ತಿದ್ದ. ಒಂದು ದಿನವೂ ಅಲ್ಲ ಅನ್ನಲಿಲ್ಲ. ಆದರೆ ರಜೆಗೆ ಬಂದರೆ ಬಸವಕಲ್ಯಾಣದಲ್ಲಿ ಎರಡು ದಿನ, ನನ್ನ ಮನೆಯಲ್ಲಿ ನಾಲ್ಕು ದಿನ.

ಮಾರ್ಚಿನಲ್ಲಿ ಧನರಾಜ ರಜೆಗೆ ಬಂದ. ಬಸವಕಲ್ಯಾಣದ ವ್ಯಾಪಾರಸ್ಥರು ಬರುವ ಭಾನುವಾರ ಅವನಿಗೊಂದು ಸನ್ಮಾನ ಇಟ್ಟಿದ್ದರು. ಬಸವಣಪ್ಪನೇ ಹಿಂದೆ ನಿಂತು ಇಡಿಸಿದ್ದ. ಮುಂಜಾನೆ ಒಂಬತ್ತಕ್ಕೆ ಚೀಲ ಹಿಡಿದುಕೊಂಡು ಬಾಗಿಲಲ್ಲಿ ನಿಂತ ಧನರಾಜನನ್ನು ನೋಡಿ ನಾನು ತಡೆಯಲಾರದೆ ಕೇಳಿದೆ.

“ಬಾರಪಾ ಮದುಮಗಾ. ಬೆಳಗಾವಿಯವರು ಏನಂದ್ರು?”

“ಯಾರು?”

“ಎಂ.ಎಸ್ಸಿ. ಹುಡುಗಿ ಮನಿಯವರು. ಅಣ್ಣ ಬಂದಿದ್ದ, ಸತೀಶಕುಮಾರ ಅಂತ. ಜೋಡಿ ಒಬ್ಬ ನದೀಮ್. ಛಲೋ ಹುಡುಗರು.”

ಅವನು ಕೂರಲಿಲ್ಲ. ಚೀಲದಿಂದ ಹಸಿರು ಜಾಕೀಟು ತೆಗೆದು ನನ್ನ ತೊಡೆಯ ಮೇಲೆ ಹಾಕಿದ. ಎದೆಯ ಮೇಲೆ ಒಂದು ಪಟ್ಟಿ, ಅದರಲ್ಲಿ ಚಿನ್ನದ ಬಣ್ಣದ ರೆಕ್ಕೆಗಳು, ಕೆಳಗೆ ದಾರದಲ್ಲಿ ಹೆಣೆದ ಇಂಗ್ಲಿಷ್ ಅಕ್ಷರ. ಬಸ್ಸಿನ ಬೋರ್ಡು ಓದುವಷ್ಟು ಇಂಗ್ಲಿಷ್ ನನಗೆ ಬರುತ್ತದೆ. ಒಂದೊಂದೇ ಅಕ್ಷರ ಕೂಡಿಸಿದೆ. ನಾ. ದಿ. ನಿ.

“ಅವರು ಹುಡುಗಿ ಮನಿಯವರಲ್ಲ ದೊಡ್ಡವ್ವಾ. ನನ್ನ ಜೋಡಿ ಹಾರಾವರು. ಕೆಲಸಕ್ಕ ಬೀದರಿನ ಏರ್‌ಫೋರ್ಸ್ ಸ್ಟೇಷನ್ನಿಗೆ ಬಂದಿದ್ರು.”

ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. ಯುದ್ಧವಿಮಾನದವರಿಗೆ ಒಬ್ಬೊಬ್ಬರಿಗೂ ಒಂದು ಅಡ್ಡಹೆಸರು ಇರುತ್ತದಂತೆ. ಊಟಕ್ಕೆ ಕೂತಾಗ ಅದೇ, ಆಕಾಶದಲ್ಲಿ ರೇಡಿಯೋದಲ್ಲಿ ಕರೆಯುವುದೂ ಅದೇ. ಅದನ್ನು ತಾನೇ ಇಟ್ಟುಕೊಳ್ಳುವ ಹಾಗಿಲ್ಲ. ಜೊತೆಯವರು ಇಡಬೇಕು; ಮಾನ ಹೋಗಿದ್ದ ಒಂದು ಪ್ರಸಂಗ ಹುಡುಕಿಯೇ ಇಡಬೇಕು. ಸತೀಶಕುಮಾರ ಮೊದಲ ಸಲ ಹಾರಿದಾಗ ತಿಂಡಿಯನ್ನೆಲ್ಲ ಕಾರಿಕೊಂಡಿದ್ದ, ಅವನು ‘ಉಪ್ಪಿಟ್ಟು’. ನದೀಮ್ ಧುಮುಕುಕೊಡೆ ಕಟ್ಟಿಕೊಂಡು ವಿಮಾನದ ಬಾಗಿಲನ್ನೇ ತಬ್ಬಿ ನಿಂತಿದ್ದ, ಅವನು ‘ಛತ್ರಿ’.

“ನನ್ನ ಬಗ್ಗೆ ಅವರಿಗೆ ಏನೂ ಸಿಗವಲ್ದಾಗಿತ್ತು. ನಾ ಸಿಗಾಕ ಬಿಟ್ಟಿರಲಿಲ್ಲ. ಬೀದರಿಗೆ ಹೋಗ್ತೀವಿ ಅಂದ್ರು. ಹುಮನಾಬಾದದಾಗ ದೊಡ್ಡವ್ವ ಅದಾಳ, ಹೋಗಿ ಉಣ್ರಿ, ಅದು ನನ್ನ ಮನಿ ಅಂತ ಹೇಳಿದಾಂವ ನಾನೇ.”

“ಹೆಸರು ಬದಲ ಮಾಡ್ರಿ ಅನ್ನು.”

“ಹಂಗ ಆಗೂದಿಲ್ಲ. ಬ್ಯಾಡ ಅಂದ್ರ ಇನ್ನಷ್ಟು ಗಟ್ಟಿ ಆಗ್ತದ.”

“ನನ್ನ ಮುಂದ ಎಂ.ಎಸ್ಸಿ. ಅಂದ್ರು ಅವರು. ನನ್ನ ಮನ್ಯಾಗ ಉಂಡ್ರು, ಕಾಲಿಗೆ ಬಿದ್ರು...” ನನ್ನ ದನಿ ಏರಿತು. ಮೋಸ ಹೋದ ಸಿಟ್ಟನ್ನು ಅವರ ಮೇಲೆ ಹಾಕಿಬಿಟ್ಟರೆ ನಾನು ಪಾರಾಗುತ್ತೇನೆ ಎಂದುಕೊಂಡೆನೆಂದು ಕಾಣುತ್ತದೆ.

ಧನರಾಜ ಕೈ ಎತ್ತಿ ತಡೆದ. “ಅವರು ಅವರ ಪದ್ಧತಿ ಪ್ರಕಾರ ಮಾಡಿದ್ರು. ಹೆಣ್ಣಿನ ಕಡಿಯವರಂತ ನೀ ಅನ್ಕೊಂಡಿ, ಇರ್ಲಿ. ಹೆಣ್ಣಿನ ಕಡಿಯವರೇ ಆಗಿದ್ರ ಹೇಳಬಹುದಿತ್ತೇನು? ನನ್ನ ತಲಿ ಮ್ಯಾಲೆ ಕೈ ಇಟ್ಟಿದ್ದಿ.”

ಜಾಕೀಟನ್ನು ತೊಡೆಯ ಮೇಲಿಂದ ಎತ್ತಿ ಅವನ ಕಡೆ ಚಾಚಿದೆ.

“ನಾ ಆ ಮಾತು ಹೇಳಿಲ್ಲಪಾ. ನಿಮ್ಮಪ್ಪ ಅಂದದ್ದು ಒಂದೂ ಹೇಳಿಲ್ಲ. ಬರೇ ಸೀರಿದು...”

“ಗೊತ್ತದ. ಬರೇ ಸೀರಿದು.” ಅವನು ಜಾಕೀಟು ಮಡಚತೊಡಗಿದ. ಮಿಲಿಟರಿಯವರ ಮಡಿಕೆ, ಅಂಚಿಗೆ ಅಂಚು. “ದಿನಾ ನಾಕು ಸಲ, ಐದು ಸಲ ಆ ಹೆಸರಿಂದ ಕರೀತಾರ. ನಾದಿನಿ ಎಡಕ್ಕ ಬಾ. ನಾದಿನಿ ಮ್ಯಾಲೆ ಏರು. ಕರದಾಗೊಮ್ಮೆ ನಾ ಆ ಮೂಲ್ಯಾಗ ಕುಂತಿರ್ತೀನಿ, ಅಪ್ಪ ಹಿಂದ ಕುಂತು ಮಾತಾಡಾಕತ್ತಿರ್ತಾನ. ನಾ ಅದನ್ನ ಮರೀಬೇಕಂತ ಏನೇನ್ ಮಾಡೀನಿ ನಿನಗ ಗೊತ್ತಿಲ್ಲ.”

ನಾನು ಅವನ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

“ಐತವಾರದ ಸನ್ಮಾನಕ್ಕ ಅವರಿಬ್ಬರನ್ನೂ ಅಪ್ಪ ಕರಸ್ಯಾನ. ಜಾಕೀಟು ಹಾಕ್ಕೊಂಡ ಬರ್ರಿ ಅಂದಾನ. ಅಡ್ಡಹೆಸರು ಯಾಕ ಬಂತು ಅಂತ ಯಾರರೆ ಕೇಳಿದ್ರ ದೋಸ್ತರು ಹೇಳಾಕ ಬೇಕು, ಅದೂ ಪದ್ಧತೀನೇ. ಅಪ್ಪ ಕೇಳ್ತಾನ. ಅವತ್ತು ಮೂಲ್ಯಾಗ ಕುಂತಾಂವ ನಾನು ಅಂತ ಗೊತ್ತಾದ್ರ, ತಾನು ಏನಂದಿದ್ದೆ ಅಂತ ನೆನಪು ಮಾಡ್ಕೋತಾನ. ಅವಗ ಈಗ ಎಪ್ಪತ್ತು. ಎರಡು ಸಲ ಹಾರ್ಟ್ ಕೈಕೊಟ್ಟದ. ನನ್ನಿಂದ ಅವಗ ಇದ್ದ ಖುಷಿ ಅದೊಂದೇ, ಎದಿ ಕಲ್ಲು ಮಾಡಿ ಕಳಿಸೀನಿ ಅನ್ನೂ ಕಥಿ. ಅದೂ ಹೋಗ್ತದ.”

ಚಹಾ ಕುಡಿಯದೆ ಹೋದ.

ನಾನು ಕೈಕಟ್ಟಿ ಕೂರುವವಳಲ್ಲ. ಮುರಿದ ಎಷ್ಟೋ ಸೋಯರಿಕೆಗಳನ್ನು ಮಂಟಪದ ಬಾಗಿಲಲ್ಲಿ ನಿಂತು ಜೋಡಿಸಿದ್ದೇನೆ. ಭಾನುವಾರ ಬಸವಕಲ್ಯಾಣದ ಆ ಕಲ್ಯಾಣ ಮಂಟಪಕ್ಕೆ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಹೋದೆ. ಸತೀಶಕುಮಾರ ಬಂದ ಕೂಡಲೇ ಅಡುಗೆಮನೆಯ ಹಿಂದಕ್ಕೆ ಕರೆದುಕೊಂಡು ಹೋದೆ.

“ಉಪ್ಪಿಟ್ಟಪ್ಪನವರ, ಇತ್ತ ಬರ್ರಿ.”

ಅವನು ಕಿವಿ ಹಿಡಿದುಕೊಂಡ. “ತಪ್ಪಾತ್ರಿ ಅಮ್ಮಾ. ಆದರ ನಮ್ಮ ತಂಗಿ ಖರೇನ ಎಂ.ಎಸ್ಸಿ. ಮಾಡ್ಯಾಳ್ರಿ. ಸುಳ್ಳು ಹೇಳಿಲ್ಲ ನಾ.”

“ನಾ ಹೇಳಿದ್ದು ಸುಳ್ಳು. ಸೀರಿ ಕಥಿ ಪೂರಾ ನಾ ಕಟ್ಟಿದ್ದು. ನಿಮ್ಮನ್ನ ನಗಸಾಕ. ಆ ಹೆಸರು ತಗದು ಬ್ಯಾರೆ ಇಡ್ರಿ, ಕಾರಣ ಇಲ್ಲದ ಹೆಸರು ಇಡಬಾರದು.”

ಅವನು ನಕ್ಕ. ಕೆಟ್ಟ ನಗು ಅಲ್ಲ, ಮಕ್ಕಳ ನಗು. “ಅಮ್ಮಾ, ಧನರಾಜನ ಮುಂದ ಆ ಹೆಸರು ಮೊದಲನೇ ಸಲ ಅಂದಾಗ ಅವನ ಮಾರಿ ನೋಡೀವಿ ನಾವು. ಸುಳ್ಳು ಕಥಿಗೆ ಹಂಗ ಆಗೂದಿಲ್ಲ.”

“ಹಂಗಾರ ಇವತ್ತೊಂದು ದಿನ ಹೇಳಬ್ಯಾಡ. ಅವರಪ್ಪ ಕೇಳಿದ್ರ ಮಾತು ಮರಸು.”

ಅವನು ಗಂಭೀರನಾದ. ಏನೋ ಇದೆ ಎಂದು ಅವನಿಗೆ ಹೊಳೆಯಿತೆಂದು ಕಾಣುತ್ತದೆ. “ಯಾಕ್ರಿ?” ಎಂದ. ಆ ಯಾಕೆಗೆ ನಾನು ಏನು ಹೇಳಲಿ? ಹೇಳಿದರೆ ಉಳಿದ ಅರ್ಧವೂ ಹೋಯಿತು. ಅಷ್ಟರಲ್ಲಿ ಯಾರೋ ಬಂದು ಅವನನ್ನು ವೇದಿಕೆಗೆ ಕರೆದುಕೊಂಡು ಹೋದರು.

ಮಂಟಪ ತುಂಬಿತ್ತು. ವೇದಿಕೆಯ ಮೇಲೆ ಮೂವರು ಜಾಕೀಟಿನ ಹುಡುಗರು, ನಡುವೆ ಧನರಾಜ. ಬಸವಣಪ್ಪ ತಲೆಗೆ ಬಿಳಿ ಪಟಗಾ ಸುತ್ತಿಕೊಂಡು ಮದುವೆಯ ಗಂಡಿನಂತೆ ಓಡಾಡುತ್ತಿದ್ದ. ಜಯಮಾಲಾ ನನ್ನ ಪಕ್ಕದಲ್ಲಿ ಕೂತು ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದಳು. ಶಾಲು, ಹಾರ, ತಟ್ಟೆ ಎಲ್ಲ ಆದ ಮೇಲೆ ಬಸವಣಪ್ಪ ಮೈಕು ಹಿಡಿದ. ಮಗನ ಎದೆಯ ಮೇಲಿನ ಪಟ್ಟಿಯನ್ನು ಬಗ್ಗಿ ನೋಡಿದ.

“ಇದೇನಪಾ? ನಾದಿನಿ ಅಂತ ಬರದದ? ಹೆಣ್ಣಮಕ್ಕಳ ಜಾಕೀಟು ಹಾಕ್ಕೊಂಡ ಬಂದ್ಯೇನು?”

ಮಂಟಪ ನಕ್ಕಿತು. ಮುಂದಿನ ಸಾಲಿನಿಂದ ಯಾರೋ, “ಹೇಳ್ರಿ, ಹೇಳ್ರಿ” ಎಂದು ಕೂಗಿದರು. ಸತೀಶಕುಮಾರ ನನ್ನ ಕಡೆ ಒಂದು ಸಲ ನೋಡಿದ. ಆಮೇಲೆ ಎದ್ದ. ಪಾಪ, ಅವನಾದರೂ ಏನು ಮಾಡಿಯಾನು? ತನ್ನದು ಉಪ್ಪಿಟ್ಟು ಹೇಗಾಯಿತು, ನದೀಮನದು ಛತ್ರಿ ಹೇಗಾಯಿತು ಎಂದು ಉದ್ದಕ್ಕೆ ಎಳೆದ, ತಪ್ಪಿಸಲು ನೋಡಿದ. ಬಸವಣಪ್ಪ ಬಿಡಲಿಲ್ಲ. “ಇವಂದು ಹೇಳ್ರಿ, ಇವಂದು” ಎಂದ. ಕೊನೆಗೆ ಹೇಳಿದ. ಕಲಬುರಗಿ, ತಿರುಗು ಬಸ್ಸು, ಸೀರೆ, ಮೊರ, ಕೈ ಮುಗಿದ ಅಪ್ಪ.

ಜಯಮಾಲಾ ನನ್ನ ಮೊಣಕೈ ಹಿಡಿದಳು. “ಅಕ್ಕಾ, ಖರೇನ?” ಎಂದಳು. ನಾನು ಬಸವಣಪ್ಪನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಅವನು ಹುಬ್ಬು ಗಂಟು ಹಾಕಿದ. ನೆನಪು ಮಾಡಿಕೊಳ್ಳುತ್ತಿದ್ದ, ಕಾಣುತ್ತಿತ್ತು. ಧನರಾಜನ ಕೈ ಕುರ್ಚಿಯ ಹಿಡಿಕೆಯ ಮೇಲೆ ಬಿಗಿಯಾಗಿತ್ತು. ಆಮೇಲೆ ಬಸವಣಪ್ಪ ತೊಡೆ ತಟ್ಟಿಕೊಂಡು ನಕ್ಕ. ಕೆಮ್ಮು ಬರುವ ಹಾಗೆ ನಕ್ಕ.

“ಅಲ್ಲೇ ಕುಂತಿದ್ದೆ ನಾ! ಚಹಾ ಕುಡುದೆ! ಶರಣು ಅಂದೆ! ಎಲಾ ಕಳ್ಳ, ಹನ್ನೆರಡು ವರ್ಷದಾಂವ ಇದ್ದಾಗ ಅಪ್ಪಗ ಟೋಪಿ ಹಾಕ್ಯಾನ, ಇನ್ನ ದುಶ್ಮನ್ ಯಾವ ಲೆಕ್ಕ ಇವಗ!”

ಚಪ್ಪಾಳೆಯೋ ಚಪ್ಪಾಳೆ. ಗದ್ದಲ ಇಳಿಯುವವರೆಗೆ ಕಾದು ಅವನು ಮಗನ ಹೆಗಲ ಮೇಲೆ ಕೈ ಹಾಕಿದ.

“ಹಂಗಾರ ಅವತ್ತು ನಾ ಅಂದಿದ್ದು ಎಲ್ಲಾ ನೀ ಕೇಳೀದಿ?”

“ಅಕ್ಕನ ಸೋಯರಿಕಿ ಮಾತಾಡಿದ್ರಿ ಅಪ್ಪಾ. ಅಷ್ಟೇ ನೆನಪದ” ಎಂದ ಧನರಾಜ.

“ಮರ್ತಿ. ನನಗ ನೆನಪದ.” ಬಸವಣಪ್ಪ ಕಣ್ಣು ಒರೆಸಿಕೊಂಡ. ಜನರ ಕಡೆ ತಿರುಗಿದ. “ಕೇಳ್ರಿ ನೀವೆಲ್ಲ. ಅವತ್ತು ನಾ ಅಕ್ಕಾರ ಮುಂದ ಕಣ್ಣೀರು ಹಾಕಿದ್ದೆ. ಸಣ್ಣಾವ ಹೋಗಿ ಮನಿ ಭಣಭಣ ಅನ್ನಾಕತ್ತದ, ಅನ್ನ ಇಳೀವಲ್ದು ಅಂದಿದ್ದೆ. ಅದನ್ನ ಸೆರಗಿನಾಗಿಂದ ಕೇಳಿ, ಅಪ್ಪನ ಹೆಸರು ಉಳಸಬೇಕಂತ ಮರುದಿನ ಎದ್ದು ಸಾಲಿಗೆ ಹೋಗ್ಯಾನ. ಮಾಣಿಕಮ್ಮ ಅಕ್ಕಾರ ಇಲ್ಲೇ ಕುಂತಾರ. ಏಳ್ರಿ ಅಕ್ಕಾ! ಹೌದಲ್ಲೇನ್ರಿ?”

ಸುಳ್ಳು ಹೇಳುವವನ ಮುಖ ನಾನು ಬಲ್ಲೆ. ನನ್ನ ಕಸುಬೇ ಅದು. ಬಸವಣಪ್ಪನದು ಆ ಮುಖವಲ್ಲ. ಅವನು ಪೂರ್ತಿ ನಂಬಿದ್ದ. ಅವನು ಆಡಿದ ಮಾತು ಅವನಲ್ಲಿ ಎಲ್ಲೂ ಉಳಿದಿರಲಿಲ್ಲ. ಅದು ಉಳಿದದ್ದು ಇಬ್ಬರಲ್ಲಿ ಮಾತ್ರ, ಆ ಹುಡುಗನಲ್ಲಿ ಮತ್ತು ನನ್ನಲ್ಲಿ.

ಎದ್ದೆ. ಮಂಟಪವೆಲ್ಲ ನನ್ನ ಕಡೆ ತಿರುಗಿತ್ತು. ಧನರಾಜನೂ ನೋಡುತ್ತಿದ್ದ. ಅವನ ಮುಖದಲ್ಲಿ ಏನು ಬೇಡುತ್ತಿದ್ದಾನೆ ಎಂದು ಹುಡುಕಿದೆ. ಸಾವಿರ ಗಂಡು ಹೆಣ್ಣಿನ ಮುಖ ಓದಿದವಳಿಗೆ ಅವನದೊಂದು ಓದಲು ಬರಲಿಲ್ಲ. ಅಪ್ಪನಿಗೆ ಗೊತ್ತಾಗಬಾರದು ಎಂದಿದ್ದ. ಅದು ನಿಜ. ಆದರೆ ಅಂಥ ಮಾತನ್ನು ತಾನು ಕೇಳಿದ್ದೇನೆ ಎಂಬುದಕ್ಕೆ ಲೋಕದಲ್ಲಿ ಅವನಿಗಿದ್ದ ಸಾಕ್ಷಿ ನಾನೊಬ್ಬಳೇ.

“ಹೌದ್ರಿ” ಎಂದೆ. “ಕಣ್ಣೀರು ಹಾಕಿದ್ರಿ.”

ಮತ್ತೆ ಚಪ್ಪಾಳೆ. ಯಾರೋ ನನಗೂ ಒಂದು ಶಾಲು ತಂದು ಹೊದಿಸಿದರು. ಜಯಮಾಲಾ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಸಂತೋಷಕ್ಕೆ. ವೇದಿಕೆಯ ಮೇಲೆ ಧನರಾಜನೂ ಚಪ್ಪಾಳೆ ತಟ್ಟುತ್ತಿದ್ದ, ಎಲ್ಲರ ಜೊತೆಗೆ, ಎಲ್ಲರಷ್ಟೇ ಹೊತ್ತು.

ಊಟ ಮುಗಿದ ಮೇಲೆ ನನ್ನನ್ನು ಬಸ್ಸಿಗೆ ಬಿಡಲು ಅವನೇ ಬಂದ. ಚೀಲ ಹಿಡಿದುಕೊಂಡ, ಕಿಟಕಿಯ ಸೀಟು ನೋಡಿ ಕೂರಿಸಿದ, ನೀರಿನ ಬಾಟಲಿ ತಂದುಕೊಟ್ಟ. ಬಸ್ಸು ಬಿಡುವವರೆಗೆ ಕಿಟಕಿಯ ಕೆಳಗೆ ನಿಂತ.

“ಸಿಟ್ಟು ಅದ ಏನಪಾ?” ಎಂದೆ.

“ಯಾತಕ್ಕ? ನೀ ಹೇಳಿದ್ದೇ ಬರೋಬ್ಬರಿ ಆತು. ಅಪ್ಪ ಖುಷಿಯಾಗ್ಯಾನ.”

“ಮುಂದಿನ ಸಲ ಯಾವಾಗ ಬರ್ತಿ?”

ಅವನು ಟೈರಿನ ಕಡೆ ನೋಡುತ್ತ ಹೇಳಿದ, “ದೀಪಾವಳಿಗೆ ನೋಡಬೇಕು. ಇನ್ನ ಮ್ಯಾಲೆ ಹೈದರಾಬಾದಿಂದ ನೆಟ್ಟಗ ಸಸ್ತಾಪುರ ಬಂಗ್ಲಾಕ್ಕ ಟಿಕೀಟು ತಗೋತೀನಿ ದೊಡ್ಡವ್ವಾ. ನಡುವ ಇಳದು ಹತ್ತೂದು ತ್ರಾಸ ಆಗ್ತದ.”

“ಆತು ಬಿಡು. ಅದೇ ಛಲೋ” ಎಂದೆ.

ಬಸವಕಲ್ಯಾಣಕ್ಕೆ ಇಳಿಯುವ ಆ ಬಂಗ್ಲಾ ಕ್ರಾಸಿಗೆ ಹೋಗುವ ಹೈದರಾಬಾದಿನ ಬಸ್ಸುಗಳೆಲ್ಲ ಹುಮನಾಬಾದಿನಲ್ಲಿ ಹತ್ತು ನಿಮಿಷ ನಿಲ್ಲುತ್ತವೆ. ಬಸ್‌ಸ್ಟ್ಯಾಂಡಿನಿಂದ ನನ್ನ ಮನೆಗೆ ನಡೆದರೆ ಐದು ನಿಮಿಷ. ಅದು ಅವನಿಗೂ ಗೊತ್ತು.